ಬರೆದುದೆಲ್ಲ ನಿಜವಾಗುವ ಆಟ

ನನ್ನ ಸಾಹಿತ್ಯ ಜೀವನದ ಮೊದಲ ಕೃತಿ ಎರಡೇ ಪದಗಳದು. ಅದು ಪ್ರಕಟವಾದುದು ಬ್ಯಾಟರಾಯನಪುರದ ನಮ್ಮ ಮನೆಯ ಬೀದಿ ಬಾಗಿಲಿನ ಮೇಲೆ. ಆಗತಾನೆ ಅಕ್ಷರ ಕಲಿತಿದ್ದ ನನ್ನ ಕೈಗೆ ಅಜ್ಜಿ ಸೀಮೆಸುಣ್ಣ ಕೊಟ್ಟು, “ನಾಳೆ ಬಾ ಅಂತ ಬರಿಯೋ. ದಪ್ಪಗೆ ಬರಿ” ಎಂದರು. 1990ರ ದಶಕದ ಆ ದಿನಗಳನ್ನು ಬಲ್ಲ ಬೆಂಗಳೂರಿನ ವಾಚಕರಿಗೆ ಇದರ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ರಾತ್ರಿ ದೆವ್ವವೊಂದು ಬೀದಿಬೀದಿ ಅಲೆಯುತ್ತದೆ, ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿ, ಕಂಡ ಕಂಡ ಬಾಗಿಲುಗಳ ಮೇಲೆ ಈ ಎರಡು ಪದಗಳು ಮೂಡಿದುವು. ದೆವ್ವ ಬಂದು ಓದುತ್ತದೆ, ಹಿಂದಿರುಗುತ್ತದೆ. ಮಾರನೆಯ ರಾತ್ರಿ ಬಂದು ಮತ್ತೆ ಓದಿ ಮತ್ತೆ ಹಿಂದಿರುಗುತ್ತದೆ. ಬರೆದ ಮಾತಿಗೆ ಅಷ್ಟು ಬೆಲೆ ಕೊಡುವ ವಾಚಕರು ನನಗೆ ಮುಂದೆ ಹೆಚ್ಚಾಗಿ ದೊರೆಯಲಿಲ್ಲ.

ಈ ಹಳೆಯ ಸಂಗತಿ ನೆನಪಾದುದು ನಮ್ಮ ಮನೆಯ ಒಂದು ಜಗಳದ ದೆಸೆಯಿಂದ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ರಾತ್ರಿ ಊಟವಾದೊಡನೆ ಕೋಣೆ ಸೇರಿ, ದೀಪವಾರಿಸಿ, ಕಂಪ್ಯೂಟರಿನ ಮುಂದೆ ಕುಳಿತು ವಿಡಿಯೋ ಗೇಮ್ ಆಡುವುದು ಅವನ ರೂಢಿ. ಕಳೆದ ಪರೀಕ್ಷೆಯಲ್ಲಿ ಎರಡು ವಿಷಯಗಳನ್ನು ಉಳಿಸಿಕೊಂಡ. ಕಂಪ್ಯೂಟರನ್ನು ಮಾರಿಬಿಡುತ್ತೇನೆಂದು ಅಣ್ಣ ಹಟ ಹಿಡಿದರು. ತಂದೆಗೂ ಮಗನಿಗೂ ವಾರವಿಡೀ ಮಾತಿಲ್ಲ. ಕೊನೆಗೆ ಅಣ್ಣ ನನ್ನನ್ನು ಕರೆದು, “ನೀನು ಕನ್ನಡ ಮೇಷ್ಟ್ರು. ಕಥೆ ಗಿಥೆ ನಿನಗೆ ಗೊತ್ತಾಗುತ್ತೆ. ಅವನು ಏನು ಆಡ್ತಾನೆ ಅಂತ ಪಕ್ಕದಲ್ಲಿ ಕೂತು ನೋಡು. ಕೆಲಸಕ್ಕೆ ಬಾರದ್ದು ಅಂತ ನೀನು ಒಂದು ಮಾತು ಹೇಳಿದರೆ ಸಾಕು” ಎಂದು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿಬಿಟ್ಟರು.

ಹೀಗೆ ನಾನು ನೋಡಿದ ಆಟದ ಹೆಸರು ‘ಅಲನ್ ವೇಕ್’. ಫಿನ್ಲೆಂಡ್ ದೇಶದ ಎಸ್ಪೋ ನಗರದ ‘ರೆಮಿಡಿ’ ಎಂಬ ಸಂಸ್ಥೆ 2010ರಲ್ಲಿ ಹೊರತಂದುದು. ಕಥಾನಾಯಕ ಜನಪ್ರಿಯ ಕಾದಂಬರಿಕಾರ. ಎರಡು ವರ್ಷಗಳಿಂದ ಒಂದು ಸಾಲೂ ಬರೆಯಲಾರದೆ ಬೇಸತ್ತವನು. ಹೆಂಡತಿ ಆಲಿಸಳೊಡನೆ ಅಮೆರಿಕದ ಒಂದು ಬೆಟ್ಟದೂರಿಗೆ ವಿಶ್ರಾಂತಿಗೆಂದು ಬರುತ್ತಾನೆ. ಕತ್ತಲೆಗೆ ಅಂಜುವ ಆ ಹೆಣ್ಣುಮಗಳನ್ನು ಸರೋವರದೊಳಗಿನ ಒಂದು ಕತ್ತಲೆಯೇ ಸೆಳೆದೊಯ್ಯುತ್ತದೆ. ಒಂದು ವಾರದ ಅನಂತರ ಅವನಿಗೆ ಎಚ್ಚರವಾದಾಗ ನಡುವಣ ದಿನಗಳ ನೆನಪೇ ಇಲ್ಲ. ಕಾಡಿನಲ್ಲಿ ಅಲ್ಲಲ್ಲಿ ಬೆರಳಚ್ಚು ಮಾಡಿದ ಹಾಳೆಗಳು ಬಿದ್ದಿವೆ. ಮೇಲೆ ತನ್ನದೇ ಹೆಸರು. ತಾನು ಬರೆದ ನೆನಪಿಲ್ಲದ ಕಾದಂಬರಿ. ಹಾಳೆಯಲ್ಲಿ ಇದ್ದುದು ಸ್ವಲ್ಪ ಹೊತ್ತಿಗೆ ಕಣ್ಣೆದುರು ನಡೆಯುತ್ತದೆ! ಕೊಡಲಿ ಹಿಡಿದವನೊಬ್ಬ ಬರುವನೆಂದು ಓದಿಕೊಂಡು, ಅವನು ಬರುವ ದಾರಿಯಲ್ಲಿಯೇ ನಡೆಯಬೇಕಾದವನ ಪಾಡನ್ನು ಊಹಿಸಿಕೊಳ್ಳಿ.

ದೆವ್ವ ಹಿಡಿದವರೆಂದು ನಾವು ಹೇಳುವಂತೆ ಅಲ್ಲಿ ‘ಕತ್ತಲೆ ಹಿಡಿದವರು’ ಇರುತ್ತಾರೆ. ಅವರಿಗೆ ಮೊದಲು ಗುಂಡು ತಗಲುವುದಿಲ್ಲ. ಟಾರ್ಚಿನ ಬೆಳಕು ಬಿಟ್ಟು ಮೈಗಂಟಿದ ಕತ್ತಲೆಯನ್ನು ಸುಡಬೇಕು, ಆಮೇಲೆ ಬಂದೂಕು. ಬೀದಿದೀಪದ ಕೆಳಗೆ ಓಡಿ ನಿಂತರೆ ಬದುಕಿದಂತೆ.

ಈ ಜಾತಿಯ ಆಟಕ್ಕೆ ‘ಥರ್ಡ್ ಪರ್ಸನ್ ಶೂಟರ್’ ಎಂದು ಹೆಸರು. ನಾಯಕನ ಕಣ್ಣಿನಿಂದಲೇ ನೋಡುತ್ತ ಗುಂಡು ಹಾರಿಸಿದರೆ ‘ಫಸ್ಟ್ ಪರ್ಸನ್’. ಅವನ ಬೆನ್ನ ಹಿಂದೆ ನಿಂತು ಅವನನ್ನೂ ಅವನ ಮುಂದಿನ ಲೋಕವನ್ನೂ ನೋಡುತ್ತ ಆಡಿದರೆ ‘ಥರ್ಡ್ ಪರ್ಸನ್’. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನವರ ಮೂರನೆಯವನೇ ನಮಗೆ ಮೊದಲನೆಯವನು ಎಂದು ಹುಡುಗನಿಗೆ ಹೇಳಿದೆ. ಅವನು ಮರ್ಯಾದೆಗಾಗಿ ನಕ್ಕ. ತೊಗಲುಗೊಂಬೆಯಾಟದವನು ಪರದೆಯ ಹಿಂದೆ ಕುಳಿತು ಗೊಂಬೆಯನ್ನು ಕುಣಿಸುವಂತೆಯೇ ಇದು ಕೂಡ. ಆದರೆ ಇಲ್ಲೊಂದು ಸೊಗಸುಂಟು. ಆಡುವವನು ಕಾಣುತ್ತಿರುವುದು ‘ಅವನ’ನ್ನು, ಕಿವಿಗೆ ಬೀಳುವುದು ‘ನಾನು ಹೀಗೆ ಮಾಡಿದೆ’ ಎಂದು ಭೂತಕಾಲದಲ್ಲಿ ಹೇಳುವ ನಾಯಕನ ದನಿ. ಆಗಿಹೋದುದನ್ನು ಈಗ ಆಡುತ್ತಿರುವ ಆ ವಿಚಿತ್ರ ಭಾವ ಕಾದಂಬರಿಯಲ್ಲಿಯೂ ನನಗೆ ಅಪರೂಪವಾಗಿ ದೊರೆತದ್ದು. ಇಡೀ ಕಥೆ ಆರು ಸಂಚಿಕೆಗಳಾಗಿ ಬರುತ್ತದೆ; ಹೊಸ ಸಂಚಿಕೆಯ ಮೊದಲಿಗೆ ಹಿಂದಿನ ಕಥೆಯ ಸಾರಾಂಶ. ವಾರಪತ್ರಿಕೆಯ ಧಾರಾವಾಹಿಯನ್ನು ಕಾದು ಓದುವ ನಿಮಗೆ ಈ ಏರ್ಪಾಡು ಹೊಸದಲ್ಲ.

ಕಥೆ ಬರೆದವರು ಸ್ಯಾಮ್ ಲೇಕ್. ಅವರ ನಿಜವಾದ ಮನೆತನದ ಹೆಸರು ಯಾರ್ವಿ. ಆ ಮಾತಿಗೆ ಫಿನ್ನಿಷ್ ಭಾಷೆಯಲ್ಲಿ ಸರೋವರವೆಂದು ಅರ್ಥ; ಅದನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದಾರೆ. ಸರೋವರದ ಹೆಸರಿನವನು ಸರೋವರ ನುಂಗಿದವಳ ಕಥೆ ಬರೆದದ್ದು ಕಾಕತಾಳೀಯವೋ ಏನೋ!

ಇನ್ನು ವಿಮರ್ಶಕರ ಮಾತು. ಪತ್ರಿಕೆಗಳು ಕೊಟ್ಟ ಅಂಕಗಳ ಸರಾಸರಿ ತೆಗೆಯುವ ‘ಮೆಟಾಕ್ರಿಟಿಕ್’ನಲ್ಲಿ ಇದಕ್ಕೆ ನೂರಕ್ಕೆ 83 ಬಂದಿತು. ಕಾಡಿನ ಮಂಜು, ಬೆಳಕು, ಸದ್ದು, ಕಥೆಯ ಕಟ್ಟು ಎಲ್ಲವನ್ನೂ ಹೊಗಳಿದರು. ‘ಟೈಮ್’ ಪತ್ರಿಕೆ ಆ ವರ್ಷದ ಆಟಗಳಲ್ಲಿ ಇದಕ್ಕೆ ಪ್ರಥಮ ಸ್ಥಾನವನ್ನೇ ಕೊಟ್ಟಿತು. ದೂಷಣೆಯೂ ಇಲ್ಲದಿರಲಿಲ್ಲ: ಮುಖಗಳು ಬಿಗಿದುಕೊಂಡಿವೆ, ಕಥೆಯ ನಡುವೆ ಬ್ಯಾಟರಿ ಕಂಪನಿಯ ಜಾಹೀರಾತು ಇಣುಕುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಾಳಗ ಒಂದೇ ಬಗೆಯದು. ಬೆಳಕು ಬಿಡು, ಗುಂಡು ಹಾರಿಸು, ಓಡು; ಮತ್ತೆ ಬೆಳಕು ಬಿಡು.

ಈ ಕೊನೆಯ ಆಕ್ಷೇಪಣೆಯನ್ನು ಹುಡುಗ ಒಪ್ಪಲಿಲ್ಲ. ನಾನು ಒಪ್ಪುತ್ತೇನೆ, ಮತ್ತು ನನ್ನ ಸಾಕ್ಷಿ ನಮ್ಮ ಬೀದಿ ಬಾಗಿಲೇ. ‘ನಾಳೆ ಬಾ’ ಬರೆದ ಮೊದಲ ರಾತ್ರಿ ನಾನು ಅಜ್ಜಿಯ ಸೆರಗನ್ನು ಬಿಡಲಿಲ್ಲ. ಎರಡನೆಯ ರಾತ್ರಿ ನಿದ್ರೆ ಬಂತು. ಮೂರನೆಯ ವಾರ ನಾವು ಹುಡುಗರು ಸಾಲದವರ ಮನೆಯ ಬಾಗಿಲಿಗೆ ಅದನ್ನೇ ಬರೆದು ನಗುತ್ತಿದ್ದೆವು. ಭಯವೆಂಬುದು ಅಭ್ಯಾಸವಾದ ಕೂಡಲೆ ಭಯವಾಗಿ ಉಳಿಯುವುದಿಲ್ಲ. ನಾಲ್ಕನೆಯ ಸಂಚಿಕೆಯ ಹೊತ್ತಿಗೆ ಅಣ್ಣನ ಮಗ ಕತ್ತಲೆ ಹಿಡಿದವರನ್ನು ಅವರೆಕಾಯಿ ಸುಲಿದಂತೆ ಸುಲಿಯುತ್ತಿದ್ದ. ಕಥೆ ನಡುಗಿಸಿದರೂ ಕೈ ನಡುಗುತ್ತಿರಲಿಲ್ಲ. ಕಥೆಗೂ ಆಟಕ್ಕೂ ಇರುವ ಈ ಬಿರುಕನ್ನು ವಿಮರ್ಶಕರು ಕಂಡುದು ಸರಿ.

ಮಾರುಕಟ್ಟೆ ಇನ್ನೂ ನಿರ್ದಯವಾಗಿತ್ತು. ಅಮೆರಿಕದಲ್ಲಿ ಈ ಆಟ ಹೊರಬಂದುದು 2010ರ ಮೇ 18ರಂದು. ‘ರಾಕ್‌ಸ್ಟಾರ್’ ಸಂಸ್ಥೆಯ ‘ರೆಡ್ ಡೆಡ್ ರಿಡೆಂಪ್ಷನ್’ ಎಂಬ ಕುದುರೆ ಸವಾರರ ಆಟ ಹೊರಬಂದುದೂ ಅದೇ ದಿನ. ಆ ತಿಂಗಳಲ್ಲಿ ಅಲ್ಲಿ ಎರಡನೆಯದು 15 ಲಕ್ಷ ಪ್ರತಿಗಳಷ್ಟು ಖರ್ಚಾದರೆ, ಅಲನ್ ವೇಕ್ ಸುಮಾರು 1,45,000ಕ್ಕೆ ನಿಂತಿತು. 2017ರಲ್ಲಿ ಹಾಡುಗಳ ಹಕ್ಕಿನ ಅವಧಿ ಮುಗಿದು ಅಂಗಡಿಯಿಂದಲೇ ಕೆಲಕಾಲ ಮರೆಯಾಯಿತು. ಆದರೂ ಆಡಿದವರು ಮರೆಯಲಿಲ್ಲ. ಎರಡನೆಯ ಭಾಗ 2023ರ ಅಕ್ಟೋಬರ್ 27ರಂದು ಬಂದಿತು. ಗುಂಡಿನ ಕಾಳಗ ಕಡಿಮೆಯಾಗಿ ಭೀತಿ ಹೆಚ್ಚಿತು. ನಡುವೆ ನಮ್ಮ ಸಿನಿಮಾಗಳಂತೆ ಹಾಡು ಕುಣಿತವೂ ಸೇರಿತು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ನಿರ್ದೇಶನ, ಕಥನ, ಕಲೆ ಮೂರಕ್ಕೂ ಬಹುಮಾನ ದೊರೆಯಿತು. ಹಳೆಯ ವಿಮರ್ಶೆಯನ್ನು ಸಿಟ್ಟಾಗದೆ ಓದಿಕೊಂಡವರ ಕೆಲಸವೆಂದು ನನಗೆ ತೋರಿತು.

“ಚಿಕ್ಕಪ್ಪ, ನಾನು ಬರೀ ಆಡೋದಲ್ಲ. ಇಂಥದ್ದನ್ನ ಮಾಡಬೇಕು ಅಂತಿದೀನಿ. ಅಪ್ಪನಿಗೆ ಹೇಳೋಕೆ ಧೈರ್ಯ ಇಲ್ಲ” ಎಂದು ಹುಡುಗ ಮೂರನೆಯ ರಾತ್ರಿ ತಲೆ ತಗ್ಗಿಸಿ ಹೇಳಿದ.

ಅದು ಗಾಳಿಗೋಪುರವೂ ಅಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆ ಕಟ್ಟಿದರು. ಆಟಗಳನ್ನು ತಯಾರಿಸುವ ಉದ್ಯಮದಲ್ಲಿ ಭಾರತಕ್ಕೇ ಮುಂಚಿನದು. ‘ಫೋರ್ಜಾ’ ಎಂಬ ಜಗತ್ಪ್ರಸಿದ್ಧ ಮೋಟಾರು ಪಂದ್ಯದ ಆಟಕ್ಕೆ ಕಾರುಗಳನ್ನು ರೂಪಿಸಿಕೊಟ್ಟವರಲ್ಲಿ ಇಲ್ಲಿನ ಕಲಾವಿದರೂ ಇದ್ದರು. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರಿನ ಬೆಂಗಳೂರು ಶಾಖೆಯಲ್ಲಿ ವಿಲೀನವಾಯಿತು. ಹೌದು, ಅಲನ್ ವೇಕನನ್ನು ಮಾರುಕಟ್ಟೆಯಲ್ಲಿ ಮಣಿಸಿದ ಅದೇ ರಾಕ್‌ಸ್ಟಾರ್. ಬೇರೆಯವರ ಕಥೆಗೆ ಬಣ್ಣ ಹಚ್ಚುವ ಕೈಗಳು ನಮ್ಮೂರಿನಲ್ಲಿ ಧಾರಾಳವಾಗಿವೆ. ನಮ್ಮ ಬಾಗಿಲು ತಟ್ಟಿದ ದೆವ್ವವನ್ನೇ ಹೋಲುವ ‘ಸ್ತ್ರೀ’ 2018ರಲ್ಲಿ ಹಿಂದಿ ಚಿತ್ರವಾಗಿ ಹಣ ಬಾಚಿತು. ನಾವು ಟಿಕೆಟ್ ಕೊಂಡು ನೋಡಿಬಂದೆವು. ಈ ಮಾತು ಬಂದಾಗ ನನಗೆ ಸ್ವಲ್ಪ ಹೊಟ್ಟೆಯುರಿ ಆಗುವುದನ್ನು ಮುಚ್ಚಿಡಲಾರೆ.

ಅಣ್ಣನಿಗೆ ತೀರ್ಪು ಹೇಳಬೇಕಲ್ಲ? ಬೇಟೆರಾಯನೇ ಜನರ ಬಾಯಲ್ಲಿ ಬ್ಯಾಟರಾಯನಾದವನು. ಅವನ ಹೆಸರಿನ ಊರಿನಲ್ಲಿದ್ದುಕೊಂಡು ಬೇಟೆಯ ಆಟ ಕೂಡದೆನ್ನುವುದು ಹೇಗೆ ಎಂದು ಹಾಸ್ಯ ಮಾಡಿ ನೋಡಿದೆ. ಅಣ್ಣ ನಗಲಿಲ್ಲ. ಆಗ ನೇರವಾಗಿಯೇ ಹೇಳಿದೆ: “ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಲಾರೆ, ಅಣ್ಣ. ಕಂಪ್ಯೂಟರ್ ಮಾರಬೇಡಿ. ಉಳಿದ ಎರಡು ವಿಷಯ ಮುಗಿಯೋವರೆಗೆ ವಾರಕ್ಕೆ ಒಂದು ಸಂಚಿಕೆ ಆಡಲಿ. ಮುಂದೆ ಏನು ಮಾಡಬೇಕು ಅಂತಿದಾನೆ, ಅದನ್ನ ಅವನ ಬಾಯಲ್ಲೇ ಕೇಳಿ.”

ಅಣ್ಣ ಬಹಳ ಹೊತ್ತು ಸುಮ್ಮನಿದ್ದರು. ಮೂರು ರಾತ್ರಿಗಳೂ ಅವರು ಮಜ್ಜಿಗೆಯ ಲೋಟ ಹಿಡಿದು ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಿದ್ದುದು ನನಗೆ ಗೊತ್ತಿತ್ತು. ಕೊನೆಗೆ ಕೇಳಿದರು:

“ಆ ಹೆಂಡತಿ ಸಿಕ್ಕಿದಳೇನೋ?”

“ಸಿಕ್ಕಿದಳು. ಅವಳನ್ನು ಬಿಡಿಸಿ ಅವನು ಒಳಗೇ ಉಳಿದ. ಮಿಕ್ಕ ಕಥೆ ಎರಡನೆಯ ಭಾಗದಲ್ಲಿ. ಅದು ಬರೋದಕ್ಕೆ ಹದಿಮೂರು ವರ್ಷ ಹಿಡೀತು.”

“ಹದಿಮೂರು ವರ್ಷವೆ!” ಎಂದರು ಅಣ್ಣ. “ಆ ಹುಡುಗನನ್ನ ಇಲ್ಲಿ ಕರಿ.”