ಹೃದಯದ ಆಪರೇಷನ್ ನಂತರ ಕಿಡ್ನಿಯ ಕಡೆಗೂ ಗಮನವಿರಲಿ



ಆಪರೇಷನ್ ಆಗಿರುವುದು ಹೃದಯಕ್ಕೆ. ಎರಡನೆಯ ದಿನ ವೈದ್ಯರು ಕಿಡ್ನಿಯ ಮಾತು ಎತ್ತುತ್ತಾರೆ. ಮನೆಯವರಿಗೆ ಗಾಬರಿ; ಏನೋ ತಪ್ಪು ನಡೆದಿದೆ ಎಂಬ ಅನುಮಾನವೂ ಬರುತ್ತದೆ. ಆದರೆ ಇದು ಅಪರೂಪದ ಸಂಗತಿಯಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ವಯಸ್ಕರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರಲ್ಲಿ ಕಿಡ್ನಿಯ ಕೆಲಸ ಸ್ವಲ್ಪವಾದರೂ ಕುಗ್ಗುತ್ತದೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಡಯಾಲಿಸಿಸ್ ಬೇಕಾಗುವುದು ನೂರರಲ್ಲಿ ಕೆಲವರಿಗೆ ಮಾತ್ರ.

ಕಾರಣ ಸರಳವಾಗಿದೆ. ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ಅದರಲ್ಲಿ ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಅನೇಕ ಆಪರೇಷನ್‌ಗಳಲ್ಲಿ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ರಕ್ತ ಹರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. 1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಮೊದಲು ಯಶಸ್ವಿಯಾಗಿ ಬಳಸಿದ ಈ ಯಂತ್ರ ಲಕ್ಷಾಂತರ ಜೀವ ಉಳಿಸಿದೆ. ಆದರೂ ಅದು ಹೃದಯಕ್ಕೆ ಪೂರ್ತಿ ಸಮನಲ್ಲ. ಕಾಲುವೆಯಲ್ಲಿ ನೀರು ಇಳಿದಾಗ ಮೊದಲು ಒಣಗುವುದು ಕೊನೆಯ ಗದ್ದೆ. ಕಿಡ್ನಿಯ ಒಳಭಾಗವೂ ಹಾಗೆಯೇ. ಅಲ್ಲಿಗೆ ಆಮ್ಲಜನಕ ತಲುಪುವುದು ಮೊದಲೇ ಕಡಿಮೆ. ರಕ್ತದೊತ್ತಡ ಇಳಿಯುವುದು, ರಕ್ತಸ್ರಾವ, ಸೋಂಕು, ಆಂಜಿಯೋಗ್ರಾಂಗೆ ಬಳಸುವ ಬಣ್ಣದ ಔಷಧಿ ಇವೂ ಭಾರ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತಹೀನತೆ ಇರುವವರಿಗೆ, ವಯಸ್ಸಾದವರಿಗೆ, ಮೊದಲೇ ಕಿಡ್ನಿ ದುರ್ಬಲವಾಗಿರುವವರಿಗೆ ಅಪಾಯ ಹೆಚ್ಚು.

ವೈದ್ಯರು ಇದನ್ನು ಎರಡು ರೀತಿಯಲ್ಲಿ ಗುರುತಿಸುತ್ತಾರೆ. ರಕ್ತದ ಕ್ರಿಯೇಟಿನಿನ್ 48 ಗಂಟೆಗಳಲ್ಲಿ 0.3ರಷ್ಟು ಏರಿದರೂ ಅದು ಎಚ್ಚರಿಕೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಮೂತ್ರ ಆರು ಗಂಟೆ ಮುಂದುವರಿದರೆ ಅದೂ ಎಚ್ಚರಿಕೆಯೇ. ಐಸಿಯುನಲ್ಲಿ ನರ್ಸ್ ಮತ್ತೆ ಮತ್ತೆ ಮೂತ್ರದ ಚೀಲ ನೋಡಿ ಬರೆದುಕೊಳ್ಳುವುದು ಇದಕ್ಕಾಗಿ.

ನಿಜವಾದ ತೊಂದರೆ ಮನೆಗೆ ಬಂದ ಮೇಲೆ. ಎದೆಯ ಗಾಯ ಮಾಯುತ್ತದೆ, ರೋಗಿ ನಡೆದಾಡುತ್ತಾರೆ, ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಕಿಡ್ನಿ ಹಾಳಾಗುತ್ತಿದ್ದರೆ ನೋವಿರುವುದಿಲ್ಲ. ಪರೀಕ್ಷೆ ಮಾಡಿಸದೆ ತಿಳಿಯುವುದೂ ಇಲ್ಲ. ಆದ್ದರಿಂದ ಈ ನಾಲ್ಕು ವಿಷಯ ನೆನಪಿಡಿ:

1. ಡಿಸ್ಚಾರ್ಜ್ ಪತ್ರದಲ್ಲಿ ಕೊನೆಯ ಕ್ರಿಯೇಟಿನಿನ್ ಎಷ್ಟಿದೆ ನೋಡಿ. ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಕಿಡ್ನಿ ತೊಂದರೆ ಕಂಡಿದ್ದರೆ ಮೂರು ತಿಂಗಳ ಹೊತ್ತಿಗೆ ರಕ್ತ, ಮೂತ್ರ ಎರಡರ ಪರೀಕ್ಷೆಯೂ ಆಗಲೇಬೇಕು.

2. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ಮಾತ್ರೆ ನೀವಾಗಿಯೇ ತಂದು ಕೊಡಬೇಡಿ.

3. "ಕಿಡ್ನಿಗೆ ಒಳ್ಳೆಯದು, ನೀರು ಚೆನ್ನಾಗಿ ಕುಡಿಯಿರಿ" ಎಂಬ ಮಾತು ಎಲ್ಲರಿಗೂ ಸಲ್ಲದು. ಹೃದಯ ದುರ್ಬಲವಾಗಿದ್ದರೆ ಹೆಚ್ಚು ನೀರೂ ಅಪಾಯ. ವೈದ್ಯರು ಹೇಳಿದ ಅಳತೆ ಪಾಲಿಸಿ. ರಂಜಾನ್ ಉಪವಾಸ ಹಿಡಿಯುವ ಮುನ್ನವೂ ಅವರನ್ನು ಕೇಳಿ.

4. ಕಾಲು ಊದಿಕೊಂಡರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ತೂಕ ಬೇಗ ಏರಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ವಾಂತಿ ಭೇದಿಯಾದಾಗ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಎಂದು ವೈದ್ಯರಿಗೆ ಫೋನ್ ಮಾಡಿ ತಿಳಿಯಿರಿ.

ದಾನಿಗಳಲ್ಲಿ ಒಂದು ವಿನಂತಿ. ಹೃದಯ ರೋಗಿಗೆ ನೆರವಾಗುವಾಗ ಆಪರೇಷನ್ ಬಿಲ್ಲಿನ ಜೊತೆಗೆ ಮುಂದಿನ ತಿಂಗಳುಗಳ ಪರೀಕ್ಷೆ, ಔಷಧಿ, ಬಸ್ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರ ಸರ್ಕಾರದ ಯೋಜನೆ 2016ರಿಂದ ಇದೆ, ನಿಜ. ಆದರೆ ವಾರಕ್ಕೆ ಎರಡು ಮೂರು ಸಲ ಅಲ್ಲಿಗೆ ಹೋಗಿಬರುವ ಮನೆಯಲ್ಲಿ ದುಡಿಮೆ ನಿಲ್ಲುತ್ತದೆ, ಮಕ್ಕಳ ಶಾಲೆಯೂ ತಪ್ಪುತ್ತದೆ. ಅದಕ್ಕೆ ಹೋಲಿಸಿದರೆ ಒಂದು ಕ್ರಿಯೇಟಿನಿನ್ ಪರೀಕ್ಷೆಯ ಖರ್ಚು ತೀರ ಸಣ್ಣದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಹೃದಯದ ಆಪರೇಷನ್ ಆದ ಹಿರಿಯರಿದ್ದರೆ ಅವರ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ. ಅಂಕಿಗಳನ್ನು ಓದಿ ಹೇಳಿ. ಮುಂದಿನ ಪರೀಕ್ಷೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.