ಘಟ್ಟಕ್ಕೆ ಬಡಿದು ಮೋಡ ಒಡೆಯುವುದಿಲ್ಲ

ತಪ್ಪು ಕಲ್ಪನೆ: ಕಡಲ ಕಡೆಯಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಒಡೆದು ಮಳೆಯಾಗುತ್ತದೆ.

ವಾಸ್ತವ: ಒಡೆಯುವುದಕ್ಕೆ ಮೋಡವೇನು ನೀರು ತುಂಬಿದ ಕೊಡವೇ? ಕಾಪು ದೀಪಸ್ತಂಭ ದಾಟಿ ಒಳಬರುವ ಪಡುಗಾಳಿಯನ್ನು ಕಾರ್ಕಳದಾಚೆಯ ಘಟ್ಟ ಮೇಲಕ್ಕೆ ತಳ್ಳುತ್ತದೆ. ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ, ಅದರೊಳಗಿನ ಆವಿ ಹನಿಗಟ್ಟುತ್ತದೆ. ಕಾಪುವಿಗಿಂತ ಕಾರ್ಕಳಕ್ಕೆ, ಕಾರ್ಕಳಕ್ಕಿಂತ ಆಗುಂಬೆಗೆ ಹೆಚ್ಚು ಮಳೆ ಬೀಳುವುದಕ್ಕೆ ಈ ಏರಿಕೆಯೇ ಮುಖ್ಯ ಕಾರಣ. ಬಡಿದೇ ಸುರಿಯಬೇಕಿದ್ದರೆ ಘಟ್ಟದಿಂದ ದೂರದ ಉಡುಪಿಗೆ ಮಳೆಯೇ ಇರುತ್ತಿರಲಿಲ್ಲ.

ತಪ್ಪು ಕಲ್ಪನೆ: ಆವಿ ತಣಿದರಾಯಿತು, ಮಳೆ ಬಂದಂತೆಯೇ.

ವಾಸ್ತವ: ಶಾಲೆಯ ಜಲಚಕ್ರದ ಚಿತ್ರ ಇಷ್ಟಕ್ಕೇ ನಿಂತುಬಿಡುತ್ತದೆ. ನಿಜವಾದ ಕತೆ ಶುರುವಾಗುವುದೇ ಇಲ್ಲಿಂದ. ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿಲಿಮೀಟರ್. ಸೆಕೆಂಡಿಗೆ ಸೆಂಟಿಮೀಟರಿನಷ್ಟೇ ಇಳಿಯುವ ಅದನ್ನು ಮೇಲೇರುವ ಗಾಳಿ ಸಲೀಸಾಗಿ ಎತ್ತಿ ಹಿಡಿಯುತ್ತದೆ. 2 ಮಿಲಿಮೀಟರಿನ ಒಂದು ಮಳೆಹನಿಗೆ ಅಂಥ ಹತ್ತು ಲಕ್ಷ ಹನಿಗಳ ನೀರು ಬೇಕು. ಬರೀ ಆವಿ ಅಂಟಿಸಿಕೊಂಡು ಅಷ್ಟು ಬೆಳೆಯಲು ದಿನಗಟ್ಟಲೆ ಹಿಡಿಯುತ್ತದೆ. ಮಣಿಪಾಲದಲ್ಲಾದರೋ ಮೋಡ ಕಟ್ಟಿದ ಅರ್ಧ ಗಂಟೆಯಲ್ಲೇ ಧೋ ಎಂದು ಸುರಿಯುವುದುಂಟು.

ಗುಟ್ಟು ಇರುವುದು ಹನಿಗಳ ಗಾತ್ರದ ವ್ಯತ್ಯಾಸದಲ್ಲಿ. ದೊಡ್ಡ ಹನಿ ಬೇಗ ಇಳಿಯುತ್ತ, ದಾರಿಯಲ್ಲಿ ಸಿಕ್ಕ ಚಿಕ್ಕವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ದಪ್ಪವಾದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಡಿಕ್ಕಿ. ಎಲ್ಲ ಹನಿಗಳೂ ಒಂದೇ ಅಳತೆಯವಾದರೆ ಮೋಡ ಸುಮ್ಮನೆ ತೇಲಿಕೊಂಡಿರುತ್ತದೆ. ಅಲೆ ಒಡೆದಾಗ ಗಾಳಿಗೆ ಸೇರುವ ಉಪ್ಪಿನ ದಪ್ಪ ಕಣಗಳ ಮೇಲೆ ಇಂಥ ದೊಡ್ಡ ಹನಿಗಳು ಬೇಗ ಕಟ್ಟುತ್ತವೆ. ಬರನಾಡಿನಲ್ಲಿ ವಿಮಾನ ಹಾರಿಸಿ ಮಾಡುವ ಮೋಡ ಬಿತ್ತನೆಯನ್ನು ನಮ್ಮ ಕಡಲು ಬಿಟ್ಟಿಯಾಗಿ ಮಾಡುತ್ತದೆ!

ತಪ್ಪು ಕಲ್ಪನೆ: ಮಳೆಯೆಲ್ಲ ಮೇಲೆ ಕರಗಿದ ಹಿಮ.

ವಾಸ್ತವ: ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ಸೊನ್ನೆ ಡಿಗ್ರಿ ಸಿಗುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಕರಾವಳಿಯ ಎಷ್ಟೋ ಮೋಡಗಳು ಅಲ್ಲಿಯವರೆಗೆ ಏರದೆಯೇ ಸುರಿದು ಮುಗಿಸುತ್ತವೆ.

ತಪ್ಪು ಕಲ್ಪನೆ: ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಹನಿಹನಿಯನ್ನೂ ಲೆಕ್ಕ ಹಾಕುತ್ತದೆ; ಆದರೂ ಮಳೆಯೆಂದು ಶಾಲೆಗೆ ರಜೆ ಕೊಟ್ಟ ದಿನವೇ ಬಿಸಿಲು.

ವಾಸ್ತವ: ಒಂದು ಘನ ಸೆಂಟಿಮೀಟರ್ ಮೋಡದಲ್ಲೇ ನೂರರಷ್ಟು ಹನಿಗಳಿರಬಹುದು. ಎಣಿಸುವ ಮಾತೇ ಇಲ್ಲ. ಅದಕ್ಕೇ ನೀರನ್ನು 'ಮೋಡದ್ದು', 'ಮಳೆಯದ್ದು' ಎಂದು ಎರಡು ಖಾತೆ ಮಾಡಿ, ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಾರೆ. 1969ರಲ್ಲಿ ಹವಾಮಾನ ವಿಜ್ಞಾನಿ ಕೆಸ್ಲರ್ ಕೊಟ್ಟ ಸೂತ್ರ ಹೀಗೆ: ಘನ ಮೀಟರಿಗೆ ಅರ್ಧ ಗ್ರಾಂ ಮೀರಿದ ಮೋಡದ ನೀರು ಮಳೆಯಾಗತೊಡಗುತ್ತದೆ. ಅಂದಾಜಿನ ಗೆರೆ, ನಿಜ. ಆಮೇಲೆ ಬಂದವರು ಹನಿಗಳ ಸಂಖ್ಯೆಯನ್ನೂ ಸೇರಿಸಿ ತಿದ್ದಿದ್ದಾರೆ.

ಇನ್ನು ಚೌಕದ ತೊಂದರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ರೂಪಿಸಿ 2025ರ ಮೇನಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಭೂಮಿಯನ್ನು ಸುಮಾರು 6 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ. ಉಡುಪಿಯೂ ಮಣಿಪಾಲವೂ ಒಂದೇ ಚೌಕದೊಳಗೆ ಬಿದ್ದರೆ, ಅಲ್ಲಿ ಬಿಸಿಲು ಇಲ್ಲಿ ಮಳೆ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಅದರ ಲೆಕ್ಕದಲ್ಲಿ ಎರಡೂ ಊರಿಗೆ ಒಂದೇ ಮಳೆ.