ಹೋಲ್ಡೆಮ್ ಎಂಬ ಎಲೆಯಾಟವೂ ನಮ್ಮ ಕಾವ್ಯಗಳ ದ್ಯೂತವೂ

ಕನ್ನಡ ಕಾವ್ಯಗಳಲ್ಲಿ ದ್ಯೂತಪ್ರಸಂಗವು ಬರುವ ಸ್ಥಳಗಳು ಅನೇಕ. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಕುಮಾರವ್ಯಾಸನ ಸಭಾಪರ್ವದಲ್ಲಿಯೂ ಧರ್ಮರಾಯನ ಸೋಲು ವರ್ಣಿತವಾಗಿದೆ. ಕನಕದಾಸರ ನಳಚರಿತ್ರೆಯಲ್ಲಿ ನಳನ ಸೋಲೂ ಗೆಲವೂ ಎರಡೂ ಬರುತ್ತವೆ. ಇವುಗಳನ್ನು ಪಾಠ ಹೇಳುವ ಅಧ್ಯಾಪಕರು ರಸಾಲಂಕಾರಗಳನ್ನು ವಿಸ್ತಾರವಾಗಿ ವಿವರಿಸುವರು. ಆಟವನ್ನು ಮಾತ್ರ ‘ಸಪ್ತವ್ಯಸನಗಳಲ್ಲೊಂದು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಜೂಜಿನಲ್ಲಿ ಬುದ್ಧಿಗೆ ಎಡೆಯುಂಟೇ, ಉಂಟಾದರೆ ಎಷ್ಟು, ಆ ಬುದ್ಧಿಯು ದೋಷವನ್ನು ಕಳೆಯುವುದೇ ಎಂಬ ಪ್ರಶ್ನೆಗಳು ನನಗೆ ಹುಟ್ಟಿದುದು ಐವತ್ತು ವರ್ಷ ಕಳೆದ ಮೇಲೆ, ಅದೂ ಹುಣಿಸೆಬೀಜಗಳನ್ನು ಸೋತ ಒಂದು ಮಧ್ಯಾಹ್ನದಲ್ಲಿ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯಲ್ಲಿ ಯುಗಾದಿಯಂದೂ ಮರುದಿನದ ಹೊಸತೊಡಕಿನಂದೂ ಇಸ್ಪೀಟೆಲೆಗಳನ್ನು ಹಿಡಿಯುವ ರೂಢಿಯು ಎಲ್ಲರಿಗೂ ತಿಳಿದದ್ದೇ. ಅಂದರ್ ಬಾಹರ್, ಮೂರೆಲೆ ಮೊದಲಾದುವು ಆಗ ನಡೆಯುವ ಆಟಗಳು. ಕಳೆದ ಯುಗಾದಿಗೆ ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದ ಸೋದರಳಿಯನು, “ಮಾವ, ಈಗಿನ ಹುಡುಗರು ಆಡುವ ಆಟವೇ ಬೇರೆ” ಎಂದು ಹೇಳಿ, ಹಣದ ಬದಲು ಹುಣಿಸೆಬೀಜಗಳನ್ನು ಹಂಚಿ, ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪೋಕರ್ ಪ್ರಭೇದವನ್ನು ಕಲಿಸಿದನು. ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಹುಟ್ಟಿದ ಈ ಆಟವು ೧೯೭೦ರಲ್ಲಿ ಆರಂಭವಾದ ಲಾಸ್ ವೇಗಸ್ ನಗರದ ಪೋಕರ್ ಪಂದ್ಯಾವಳಿಯ ಮುಖ್ಯ ಆಟವಾಗಿ ನಿಂತು, ಅಲ್ಲಿಂದ ಲೋಕವನ್ನೆಲ್ಲ ವ್ಯಾಪಿಸಿತು. ಇದರ ಲಕ್ಷಣವನ್ನು ಹೇಳಿ, ಅನಂತರ ಪ್ರಕೃತವಿಚಾರಕ್ಕೆ ಬರುವೆನು.

೧. ಎಲೆಗಳು

ಎಲೆಗಳು ೫೨. ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂಬ ನಾಲ್ಕು ಜಾತಿಗಳಿಗೆ ತಲಾ ೧೩. ಎಕ್ಕ, ರಾಜ, ರಾಣಿ, ಗುಲಾಮ, ಆಮೇಲೆ ಹತ್ತರಿಂದ ಎರಡರವರೆಗೆ ಇಳಿಯುವ ಅಂಕಗಳು. ಈ ಹೆಸರುಗಳೇ ಶಬ್ದಚರಿತ್ರೆಯ ಒಂದು ಚಿಕ್ಕ ಸಂತೆಯಾಗಿವೆ: ರಾಜ, ರಾಣಿ ನಮ್ಮವು, ಎಕ್ಕವು ಪ್ರಾಕೃತದ ‘ಎಕ್ಕ’, ಗುಲಾಮನು ಅರಬ್ಬಿಯವನು, ಕಳಾವರ್ ಡಚ್ಚರ ‘ಕ್ಲಾವರ್’. ಎಲೆಯಾಟವು ಕನ್ನಡನಾಡಿಗೆ ಹೊಸತೂ ಅಲ್ಲ. ತಲಾ ೧೨ ಎಲೆಗಳ ಹತ್ತು ಜಾತಿಗಳುಳ್ಳ, ಒಟ್ಟು ೧೨೦ ಎಲೆಗಳ ದಶಾವತಾರ ಗಂಜೀಫವು ಪ್ರಸಿದ್ಧವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಛದ’ಗಳೆಂಬ ಅನೇಕ ಎಲೆಯಾಟಗಳನ್ನು ತಾವೇ ಕಲ್ಪಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳನ್ನು ನಿರೂಪಿಸಿರುವರು. ಛದವೆಂದರೆ ಎಲೆಯೇ. ಆದುದರಿಂದ ಪಂಡಿತನೊಬ್ಬನು ಎಲೆಯಾಟದ ಲಕ್ಷಣವನ್ನು ಬರೆಯುವುದು ಅನುಚಿತವಲ್ಲವೆಂದು ಭಾವಿಸಿದ್ದೇನೆ.

೨. ಆಟದ ಕ್ರಮ

ಎರಡರಿಂದ ಹತ್ತು ಜನರವರೆಗೆ ಆಡಬಹುದು. ಹಂಚುವ ಸ್ಥಾನವನ್ನು ಸೂಚಿಸುವ ಒಂದು ಗುರುತು ಪ್ರತಿಯೊಂದು ಆಟಕ್ಕೂ ಎಡಗಡೆಯವನಿಗೆ, ಎಂದರೆ ಪ್ರದಕ್ಷಿಣಕ್ರಮದಲ್ಲಿ, ಸಾಗುವುದು. ಮೂವರು ಅಥವಾ ಹೆಚ್ಚು ಮಂದಿ ಇರುವಾಗ ಗುರುತಿನವನ ಎಡಗಡೆಯವನು ಒಂದು ಸಣ್ಣ ಪಣವನ್ನೂ ಅವನ ಎಡಗಡೆಯವನು ಸಾಮಾನ್ಯವಾಗಿ ಅದರ ಎರಡರಷ್ಟನ್ನೂ ಮೊದಲೇ ಇಡತಕ್ಕದ್ದು. ಎಲೆಯನ್ನು ನೋಡುವುದಕ್ಕೆ ಮುಂಚೆಯೇ ಇಡುವುದರಿಂದ ಇವು ‘ಕುರುಡುಪಣ’ಗಳು.

ಅನಂತರ ಒಬ್ಬೊಬ್ಬರಿಗೆ ಎರಡೆರಡು ಎಲೆಗಳನ್ನು ಮಗುಚಿ ಕೊಡುವರು. ಇವು ಅವರವರ ಕೈಯೆಲೆಗಳು, ಇತರರು ನೋಡಕೂಡದು. ಆಮೇಲೆ ಮೊದಲನೆಯ ಪಣದ ಸುತ್ತು. ಹಿರಿಯ ಕುರುಡುಪಣದವನ ಎಡಗಡೆಯವನಿಂದ ಅದು ಮೊದಲಾಗುವುದು. ಸರದಿ ಬಂದವನಿಗೆ ಮೂರು ದಾರಿಗಳುಂಟು: ಎಲೆಯನ್ನು ಬಿಟ್ಟು ಆ ಆಟದಿಂದ ಹೊರಗಾಗುವುದು, ಮುಂದಿನವರ ಪಣಕ್ಕೆ ಸರಿಯಾಗಿ ಇಟ್ಟು ಉಳಿಯುವುದು, ಅದಕ್ಕಿಂತ ಹೆಚ್ಚಾಗಿ ಏರಿಸುವುದು. ಸರಿಗಟ್ಟಬೇಕಾದ ಪಣವೇ ಇಲ್ಲದಿರುವಾಗ ಏನನ್ನೂ ಇಡದೆ ಸುಮ್ಮನಿರುವ ನಾಲ್ಕನೆಯ ದಾರಿಯೂ ಇರುತ್ತದೆ. ಉಳಿದವರೆಲ್ಲರ ಪಣವು ಸಮವಾದಾಗ ಸುತ್ತು ಮುಗಿಯಿತು.

ಬಳಿಕ ಮೇಲಿನ ಒಂದೆಲೆಯನ್ನು ಮಗುಚಿದಂತೆಯೇ ಬದಿಗಿಟ್ಟು, ಮೂರು ಎಲೆಗಳನ್ನು ನಡುವೆ ತೆರೆದಿಡುವರು. ಇದು ‘ಫ್ಲಾಪ್’. ಮತ್ತೊಂದು ಪಣದ ಸುತ್ತು. ಅದೇ ರೀತಿಯಲ್ಲಿ ನಾಲ್ಕನೆಯ ಎಲೆ, ಇದು ‘ಟರ್ನ್’, ಮತ್ತೊಂದು ಸುತ್ತು. ಐದನೆಯ ಎಲೆ, ‘ರಿವರ್’, ಕಡೆಯ ಸುತ್ತು. ಈ ಮೂರು ಸುತ್ತುಗಳೂ ಗುರುತಿನವನ ಎಡಗಡೆ ಇನ್ನೂ ಆಟದಲ್ಲಿರುವ ಮೊದಲನೆಯವನಿಂದ ಆರಂಭವಾಗುತ್ತವೆ. ನಡುವಿನ ಐದು ಎಲೆಗಳು ಎಲ್ಲರಿಗೂ ಸಾಧಾರಣವಾದುವು. ಈ ಪ್ರಭೇದದ ವಿಶೇಷವೇ ಇದು. ಕೊನೆಗೆ ತನ್ನ ಎರಡು, ನಡುವಿನ ಐದು, ಹೀಗೆ ಏಳರಲ್ಲಿ ಅತ್ಯುತ್ತಮವಾದ ಐದನ್ನು ಯಾರು ಕೂಡಿಸಿ ತೋರುವರೋ ಅವರಿಗೆ ರಾಶಿಯು ಸಲ್ಲುವುದು, ಸಮವಾದರೆ ಹಂಚಿಕೊಳ್ಳುವರು. ಎಲ್ಲರೂ ಎಲೆ ಬಿಟ್ಟು ಒಬ್ಬನೇ ಉಳಿದರೆ, ಅವನು ಎಲೆಯನ್ನು ತೋರದೆಯೇ ರಾಶಿಯನ್ನು ತೆಗೆದುಕೊಳ್ಳುವನು. ಒಳ್ಳೆಯ ಎಲೆಯಿಲ್ಲದೆ ಇರುವಂತೆ ನಟಿಸಿ ಗೆಲ್ಲುವುದಕ್ಕೆ ಅವಕಾಶವಾದುದು ಈ ನಿಯಮದಿಂದಲೇ.

೩. ಕೈಗಳ ತಾರತಮ್ಯ

ಐದೆಲೆಯ ಕೂಟಕ್ಕೆ ‘ಕೈ’ ಎಂದು ಹೆಸರು. ೫೨ರಲ್ಲಿ ಐದನ್ನು ಆರಿಸುವ ಬಗೆಗಳು ೨೫,೯೮,೯೬೦. ಯಾವುದು ವಿರಳವೋ ಅದೇ ಶ್ರೇಷ್ಠ ಎಂಬುದು ತಾರತಮ್ಯದ ಸೂತ್ರ. ಮೇಲಿನಿಂದ ಕೆಳಕ್ಕೆ ಕ್ರಮವು ಹೀಗಿದೆ: ಒಂದೇ ಜಾತಿಯ ಐದು ಎಲೆಗಳು ಅನುಕ್ರಮವಾಗಿ ಬಂದರೆ ಶುದ್ಧಸಾಲು, ೪೦, ಒಂದೇ ಅಂಕದ ನಾಲ್ಕು ಬಂದರೆ ಚತುಷ್ಕ, ೬೨೪, ಒಂದು ಅಂಕದ ಮೂರು, ಇನ್ನೊಂದರ ಎರಡು ಬಂದರೆ ತುಂಬಿದ ಮನೆ, ೩,೭೪೪, ಜಾತಿ ಒಂದೇ ಆಗಿ ಅನುಕ್ರಮವಿಲ್ಲದಿದ್ದರೆ ಸಜಾತಿ, ೫,೧೦೮, ಅನುಕ್ರಮವಿದ್ದು ಜಾತಿ ಬೆರೆತಿದ್ದರೆ ಸಾಲು, ೧೦,೨೦೦, ತ್ರಿಕ, ೫೪,೯೧೨, ಎರಡು ಜೋಡಿ, ೧,೨೩,೫೫೨, ಒಂದು ಜೋಡಿ, ೧೦,೯೮,೨೪೦, ಇದಾವುದೂ ಇಲ್ಲದ ಬಿಡಿ ಎಲೆಗಳು, ೧೩,೦೨,೫೪೦. ಸಾಲಿನಲ್ಲಿ ಎಕ್ಕವು ರಾಜನ ಮೇಲೆಯೂ ನಿಲ್ಲಬಹುದು, ಎರಡರ ಕೆಳಗೂ ನಿಲ್ಲಬಹುದು.

ಇಲ್ಲಿ ಒಂದು ಶಂಕೆ. ನಮ್ಮ ಮೂರೆಲೆಯ ಆಟದಲ್ಲಿ ಸಾಲು ಸಜಾತಿಯನ್ನು ಗೆಲ್ಲುವುದು. ಇಲ್ಲಿ ಸಜಾತಿಯೇ ಸಾಲನ್ನು ಗೆಲ್ಲುವುದೇಕೆ? ಎಣಿಸಿ ನೋಡಿದರೆ ಸಮಾಧಾನವು ದೊರೆಯುತ್ತದೆ. ಮೂರೆಲೆಗಳ ೨೨,೧೦೦ ಕೂಟಗಳಲ್ಲಿ ಸಾಲುಗಳು ೭೨೦, ಸಜಾತಿಗಳು ೧,೦೯೬. ಅಲ್ಲಿ ಸಾಲೇ ವಿರಳ. ಐದೆಲೆಗಳಲ್ಲಿ ಸಜಾತಿಯೇ ವಿರಳ. ಸೂತ್ರವೊಂದೇ, ಫಲ ಬೇರೆ. ಆದರೆ ಮೂರೆಲೆಯಲ್ಲಿ ಶುದ್ಧಸಾಲುಗಳು ೪೮, ತ್ರಿಕಗಳು ೫೨ ಇದ್ದರೂ ತ್ರಿಕಕ್ಕೇ ಅಗ್ರಸ್ಥಾನವನ್ನು ಕೊಟ್ಟಿರುವರು. ಶಾಸ್ತ್ರಕ್ಕಿಂತ ರೂಢಿಯು ಬಲವತ್ತರವೆಂಬುದಕ್ಕೆ ಇದೊಂದು ಉದಾಹರಣೆ.

೪. ಎಣಿಕೆಯ ಒಂದು ದೃಷ್ಟಾಂತ

ಆ ದಿನ ನಾನು ಸೋತ ಆಟವನ್ನೇ ಹೇಳುವೆನು. ನನ್ನ ಕೈಯೆಲೆಗಳು ಆಟೀನಿನ ಎಕ್ಕ ಮತ್ತು ಏಳು. ನಡುವೆ ಆಟೀನಿನ ಹತ್ತು, ಆಟೀನಿನ ನಾಲ್ಕು, ಇಸ್ಪೀಟಿನ ರಾಜ, ಕಳಾವರಿನ ಒಂಬತ್ತು ಬಂದಿದ್ದುವು. ಇನ್ನೊಂದು ಆಟೀನು ಬಂದರೆ ನನಗೆ ಸಜಾತಿ. ರಾಶಿಯಲ್ಲಿ ೪೦ ಬೀಜಗಳು. ಅಳಿಯನು ೧೦ ಇಟ್ಟನು. ನಾನು ೧೦ ಇಟ್ಟು ಉಳಿಯಬೇಕೋ, ಬಿಡಬೇಕೋ?

ಹದಿಮೂರು ಆಟೀನುಗಳಲ್ಲಿ ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ. ನನಗೆ ಕಾಣದ ಎಲೆಗಳು ೪೬. ಮುಂದಿನ ಪಣವನ್ನು ಬಿಟ್ಟು ಲೆಕ್ಕಹಾಕಿದರೆ, ೪೬ ಸಾರಿಯಲ್ಲಿ ೯ ಸಾರಿ ೫೦ ಬೀಜಗಳಂತೆ ೪೫೦ ಲಾಭ. ೩೭ ಸಾರಿ ೧೦ರಂತೆ ೩೭೦ ನಷ್ಟ. ಲಾಭವೇ ಹೆಚ್ಚು. ತರ್ಕಶುದ್ಧವೆಂದು ಹಿಗ್ಗಿ ಹತ್ತು ಬೀಜಗಳನ್ನು ಇಟ್ಟೆನು. ಐದನೆಯ ಎಲೆಯು ಆಟೀನಿನ ಒಂಬತ್ತು! ಇದ್ದಬದ್ದ ಬೀಜಗಳನ್ನೆಲ್ಲ ನೂಕಿದೆನು. ಅಳಿಯನು ಡೈಮನ್ ಜಾತಿಯ ರಾಜನನ್ನೂ ಒಂಬತ್ತನ್ನೂ ತೋರಿಸಿದನು. ಮೂರು ಒಂಬತ್ತು, ಎರಡು ರಾಜ. ಅವನಿಗೆ ತುಂಬಿದ ಮನೆ, ನನಗೆ ಬರಿದಾದ ಬಟ್ಟಲು.

“ಮಾವ, ನೀವು ಎಣಿಸಿದ್ದು ಸರಿ, ಆದರೆ ನಿಮ್ಮ ಎಲೆಯನ್ನು ಮಾತ್ರ ಎಣಿಸಿದಿರಿ” ಎಂದು ಅವನು ಹೇಳಿದನು. ಆಟೀನಿನ ರಾಜ ಬಂದಿದ್ದರೂ ಅವನದೇ ಗೆಲವು. ಆದುದರಿಂದ ನನ್ನವೆಂದು ನಾನು ಎಣಿಸಿದ ಒಂಬತ್ತರಲ್ಲಿ ಎರಡು ಅವನವೇ ಆಗಿದ್ದುವು. ಅವನ ಎರಡು ಎಲೆಗಳನ್ನು ತಿಳಿದು ಲೆಕ್ಕಹಾಕಿದ್ದರೆ, ೪೪ರಲ್ಲಿ ೭ ಮಾತ್ರ ನನಗೆ ಅನುಕೂಲ. ೩೫೦ ಲಾಭ, ೩೭೦ ನಷ್ಟ. ಬಿಡುವುದೇ ಯುಕ್ತವಾಗಿತ್ತು. ಎದುರಿನವನ ಎಲೆಗಳನ್ನು ತಿಳಿಯಲಾಗದು, ನಿಜ. ಆದರೆ ಅವನು ಪಣವಿಟ್ಟ ರೀತಿಯಿಂದ ಊಹಿಸಬಹುದು. ನಡುವೆ ಎರಡು ಒಂಬತ್ತುಗಳು ತೆರೆದು ಬಿದ್ದಿದ್ದಾಗಲಾದರೂ ಶಂಕಿಸಬೇಕಾಗಿತ್ತು. ನಡುವಿನ ಎಲೆಗಳು ಎಲ್ಲರವು ಎಂಬ ನಿಯಮವನ್ನು ಬಾಯಿಪಾಠಮಾಡಿಯೂ ಅವು ನನ್ನವೆಂದೇ ನೋಡಿದುದು ನನ್ನ ದೋಷ.

೫. ದೈವವೂ ಪೌರುಷವೂ

ಈ ಸೋಲಿನಿಂದ ನಳೋಪಾಖ್ಯಾನದ ಒಂದು ಸಂದರ್ಭವು ನನಗೆ ಹೊಸದಾಗಿ ತೋರಿತು. ಮಹಾಭಾರತದಲ್ಲಿ ಋತುಪರ್ಣನು ದಾರಿಯಲ್ಲಿ ಒಂದು ವಿಭೀತಕವೃಕ್ಷವನ್ನು, ಎಂದರೆ ತಾರೆಯ ಮರವನ್ನು, ಕಂಡು ಅದರ ಎಲೆಗಳನ್ನೂ ಕಾಯಿಗಳನ್ನೂ ಲೆಕ್ಕಹೇಳುವನು. ಬಾಹುಕವೇಷದ ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುವನು; ಅನಂತರವೇ ಅವನಿಗೆ ಅಕ್ಷಹೃದಯದ ಉಪದೇಶ. ಈ ಮರದ ವೃತ್ತಾಂತವನ್ನು ನಾನು ಕೇವಲ ಅದ್ಭುತರಸಕ್ಕಾಗಿ ಬಂದುದೆಂದು ಪಾಠ ಹೇಳುತ್ತಿದ್ದೆನು. ಪ್ರಾಚೀನರ ಅಕ್ಷವು ತಾರೆಯ ಕಾಯಿಯೇ ಎಂಬುದನ್ನೂ ಸಂಖ್ಯಾನವೂ ಅಕ್ಷವಿದ್ಯೆಯೂ ಅಲ್ಲಿ ಜೊತೆಯಾಗಿ ಹೇಳಲ್ಪಟ್ಟಿರುವುದನ್ನೂ ಕೂಡಿಸಿ ನೋಡಿದರೆ, ಎಣಿಸಬಲ್ಲವನೇ ಆಡಬಲ್ಲವನು ಎಂಬುದು ಅದರ ತಾತ್ಪರ್ಯವೆಂದು ತೋರುತ್ತದೆ. ಎಣಿಸದೆ ಆಡಿದ ನಳನು ರಾಜ್ಯವನ್ನು ಕಳೆದುಕೊಂಡನು. ಎಣಿಸಲು ಕಲಿತವನು ಪುಷ್ಕರನಿಂದ ಅದನ್ನು ಮರಳಿ ಪಡೆದನು.

ಧರ್ಮರಾಯನ ವಿಷಯ ಬೇರೆ. ಹೋಲ್ಡೆಮಿನಲ್ಲಿ ಎಲೆ ಬೀಳುವುದು ದೈವಾಧೀನ, ಬಿಡುವುದು ಪುರುಷಾಧೀನ. ಆಟಗಾರನ ನೈಪುಣ್ಯವೆಲ್ಲವೂ ಬಹುಮಟ್ಟಿಗೆ ಬಿಡಬೇಕಾದಾಗ ಬಿಡುವುದರಲ್ಲಿಯೇ ಇದೆ. ಕರೆದರೆ ಹಿಂದೆಗೆಯೆನೆಂಬ ವ್ರತವನ್ನು ಹಿಡಿದ ಯುಧಿಷ್ಠಿರನು ಆ ಒಂದು ದಾರಿಯನ್ನು ತಾನೇ ಮುಚ್ಚಿಕೊಂಡಿದ್ದನು. ಅವನ ದುರಂತಕ್ಕೆ ಶಕುನಿಯ ಕಪಟವೆಷ್ಟು ಕಾರಣವೋ ಬಿಡಲಾರದ ಈ ವ್ರತವೂ ಅಷ್ಟೇ ಕಾರಣವೆಂದು ವಿದ್ಯಾರ್ಥಿಗಳಿಗೆ ಹೇಳಬಹುದು.

ಅಂದರ್ ಬಾಹರ್ ಆಟದಲ್ಲಿ ಇಂತಹ ಪೌರುಷಕ್ಕೆ ಎಡೆಯೇ ಇಲ್ಲ. ಒಂದೆಲೆಯನ್ನು ತೆರೆದಿಟ್ಟು, ಅದೇ ಅಂಕದ ಎಲೆಯು ಬರುವವರೆಗೆ ಒಳಗೊಂದು ಹೊರಗೊಂದು ಹಾಕುತ್ತ ಹೋಗುವರು. ಪಣವಿಟ್ಟ ಮೇಲೆ ಆಡುವವನಿಗೆ ಮಾಡತಕ್ಕ ಕೆಲಸವಿಲ್ಲ. ಮೊದಲನೆಯ ಎಲೆ ಬೀಳುವ ಪಕ್ಕಕ್ಕೆ ನೂರಕ್ಕೆ ಸುಮಾರು ೫೧.೫ರಂತೆ ಕಿಂಚಿತ್ ಅನುಕೂಲವುಂಟು, ಅಷ್ಟೇ.

೬. ಪೂರ್ವಪಕ್ಷವೂ ಸಿದ್ಧಾಂತವೂ

ಹಾಗಾದರೆ ಕುಶಲತೆಯುಳ್ಳ ಆಟವು ನಿರ್ದೋಷವಾಯಿತೇ ಎಂದು ಪೂರ್ವಪಕ್ಷ. ನ್ಯಾಯಸ್ಥಾನಗಳೂ ಈ ಭೇದವನ್ನು ಎಣಿಸಿವೆ: ರಮ್ಮಿಯು ಪ್ರಧಾನವಾಗಿ ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯವು ೧೯೬೭ರಲ್ಲಿ ಹೇಳಿತು, ೧೯೬೩ರ ಕರ್ನಾಟಕ ಪೊಲೀಸು ಕಾಯಿದೆಯೂ ಕುಶಲತೆಯ ಆಟಗಳಿಗೆ ವಿನಾಯಿತಿಯನ್ನು ಕೊಟ್ಟಿದೆ. ಧರ್ಮಶಾಸ್ತ್ರಕಾರರಲ್ಲಿಯೂ ಮತಭೇದವುಂಟು. ಮನುವು ದ್ಯೂತವನ್ನೂ ಸಮಾಹ್ವಯವನ್ನೂ ರಾಷ್ಟ್ರದಿಂದ ಹೊರಗಿಡಬೇಕೆಂದನು. ಕೌಟಿಲ್ಯನು ದ್ಯೂತಾಧ್ಯಕ್ಷನ ಕಣ್ಣಿನ ಕೆಳಗೆ ಒಂದೇ ಸ್ಥಳದಲ್ಲಿ ಆಡಿಸಿ, ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದನು.

ಇದಕ್ಕೆ ಸಿದ್ಧಾಂತ: ಕುಶಲತೆಯು ದೋಷವನ್ನು ಕಳೆಯುವುದಿಲ್ಲ, ದೋಷವನ್ನು ಒಂದು ಪಕ್ಕಕ್ಕೆ ವಾಲಿಸುವುದು. ರಾಶಿಯಲ್ಲಿರುವ ದ್ರವ್ಯವು ಆಡುವವರದೇ ಆದುದರಿಂದ ಒಬ್ಬನ ಗೆಲವು ಇನ್ನೊಬ್ಬನ ಸೋಲು. ಆಡಿಸುವವನು ಪಾಲು ತೆಗೆದರೆ ಎಲ್ಲರ ಒಟ್ಟು ಸೋಲೇ ಹೆಚ್ಚು. ಕೇವಲ ದೈವದ ಆಟದಲ್ಲಿ ಮೂಢನೂ ಒಮ್ಮೊಮ್ಮೆ ಉಳಿದಾನು. ಕುಶಲತೆಯ ಆಟವನ್ನು ದೀರ್ಘಕಾಲ ಆಡಿದರೆ ಮೂಢನು ಉಳಿಯುವ ಸಂಭವವೇ ಅಲ್ಪ. ಶಕುನಿಯೂ ಕುಶಲನೇ ಆಗಿದ್ದನು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಅಂತರ್ಜಾಲದಲ್ಲಿ ಹಣವಿಟ್ಟು ಆಡುವ ಆಟಗಳನ್ನು ಕುಶಲತೆಯವು, ಅದೃಷ್ಟದವು ಎಂಬ ಭೇದವನ್ನು ಗಣಿಸದೆ ನಿಷೇಧಿಸಿರುವುದು ಈ ದೃಷ್ಟಿಗೆ ಸಮೀಪವಾಗಿದೆ.

ಹೀಗಿರಲು ಈ ಆಟವನ್ನು ಹುಣಿಸೆಬೀಜಗಳಿಂದ ಆಡಿ ನೋಡುವುದರಲ್ಲಿ ಪ್ರಯೋಜನವುಂಟೆಂದು ನನ್ನ ಅಭಿಪ್ರಾಯ. ಮಗ್ಗದ ಕೂಲಿಯನ್ನೋ ಮನೆಯ ಒಡವೆಯನ್ನೋ ಇಟ್ಟು ಆಡುವವನು ಎಣಿಸುವುದನ್ನು ಬಿಟ್ಟು ಹಾರೈಸತೊಡಗುವನು. ಬೀಜವನ್ನಿಟ್ಟವನಿಗೆ ಎಣಿಸುವ ಸಮಾಧಾನವಿರುತ್ತದೆ. ಅಧ್ಯಾಪಕರು ಸಭಾಪರ್ವವನ್ನೋ ನಳಚರಿತ್ರೆಯನ್ನೋ ಪಾಠ ಹೇಳುವುದಕ್ಕೆ ಮುಂಚೆ ಒಂದು ಸಂಜೆ ಹೀಗೆ ಆಡಿದರೆ, ಪಣವು ಏರುತ್ತ ಹೋಗುವಾಗ ಕೈ ಹಿಂದಕ್ಕೆ ಬಾರದಿರುವುದು ಎಂತಹದೆಂಬುದು ಅನುಭವಕ್ಕೆ ಬರುವುದು. ನಾನು ಆ ದಿನ ಕಳೆದುಕೊಂಡುದು ಅರ್ಧ ಸೇರು ಹುಣಿಸೆಬೀಜ. ಅದಕ್ಕೆ ಪ್ರತಿಯಾಗಿ ಮೂವತ್ತು ವರ್ಷ ಪಾಠ ಹೇಳಿದ ಒಂದು ಪ್ರಕರಣದ ಅರ್ಥವು ದೊರೆಯಿತು. ಪಣವು ಹೆಚ್ಚಾಯಿತೆಂದು ಹೇಳಲಾರೆನು.